ಎರಡು ಸಾಲಿನ ರೆಸಿಪಿಯ ಹಿಂದೆ ಏನೇನಿದೆ

ಒಂದು ಪೊಟ್ಟಣ ಒಣ ಈರುಳ್ಳಿ ಸೂಪಿನ ಪುಡಿ, ಎರಡು ಕಪ್ ಸೋರ್ ಕ್ರೀಮ್, ಅಂದರೆ ಹುಳಿ ಕೆನೆ. ಎರಡನ್ನೂ ಕಲಸಿ ಫ್ರಿಜ್‌ನಲ್ಲಿಡಿ, ಆಲೂಗೆಡ್ಡೆ ಚಿಪ್ಸ್ ಜೊತೆ ಕೊಡಿ. ರೆಸಿಪಿ ಇಷ್ಟೇ, ಮುಗಿಯಿತು.

ಅಮೆರಿಕದಲ್ಲಿ ಇದನ್ನು ಕ್ಯಾಲಿಫೋರ್ನಿಯಾ ಡಿಪ್ ಎಂದು ಕರೆಯುತ್ತಿದ್ದರು. ಡಿಪ್ ಅಂದರೆ ಅದ್ದಿಕೊಂಡು ತಿನ್ನುವಂಥದ್ದು. ಈಗ ಫ್ರೆಂಚ್ ಆನಿಯನ್ ಡಿಪ್ ಅನ್ನುವ ಹೆಸರೇ ಜಾಸ್ತಿ ಬಳಕೆಯಲ್ಲಿದೆ. ನಿಮ್ಮಲ್ಲಿ ಮಕ್ಕಳು ಅಲ್ಲಿರುವವರು, ಹೋಗಿ ಬಂದವರು ಇದರ ರುಚಿ ನೋಡಿರುತ್ತೀರಿ. ಮನೆಗೆ ನಾಲ್ಕು ಜನ ಬರುತ್ತಾರೆ ಅಂದರೆ ಮಧ್ಯದಲ್ಲಿ ಒಂದು ಬಟ್ಟಲು ಡಿಪ್, ಸುತ್ತ ಚಿಪ್ಸ್, ಉದ್ದುದ್ದ ಹೆಚ್ಚಿದ ಕ್ಯಾರೆಟ್ಟು. ಈಗ ಬೆಂಗಳೂರಿನ ಮನೆಗಳ ಹುಟ್ಟುಹಬ್ಬಗಳಲ್ಲೂ ಇಂಥ ಬಟ್ಟಲು ಕಾಣಿಸುತ್ತದೆ.

ಅಡುಗೆಯ ಚರಿತ್ರೆ ಹೇಳಲು ಹೊರಟವರು ರಾಜರ ಭೋಜನದಿಂದ ಶುರುಮಾಡುವುದು ವಾಡಿಕೆ. ನಾನು ಈ ಡಿಪ್ಪಿನಿಂದ ಶುರುಮಾಡಿದ್ದಕ್ಕೆ ಕಾರಣ ಇದೆ. ಇದರ ರೆಸಿಪಿ ಎರಡೇ ಸಾಲು. ಇಷ್ಟು ಚಿಕ್ಕದಾಗಿ ಬರೆದರೂ ಲಕ್ಷಾಂತರ ಮನೆಗಳಲ್ಲಿ ಒಂದೇ ರುಚಿ ಹೇಗೆ ಬಂತು? ನಮ್ಮ ಮನೆಯ ಗೊಜ್ಜನ್ನು ಎರಡು ಸಾಲಿನಲ್ಲಿ ಬರೆದುಕೊಟ್ಟರೆ ಪಕ್ಕದ ಮನೆಯಲ್ಲೇ ಅದು ಬೇರೆ ಗೊಜ್ಜಾಗುತ್ತದೆ, ಅಲ್ವಾ? ನನ್ನ ಮಾತಿನ ಸಾರ ಇದು: ರೆಸಿಪಿ ಚಿಕ್ಕದಾಗಿದ್ದರೆ, ಅದರಲ್ಲಿ ಬರೆಯದೆ ಬಿಟ್ಟ ತಿಳಿವಳಿಕೆಯನ್ನು ಬೇರೆ ಯಾರೋ, ಬೇರೆ ಏನೋ ಹೊತ್ತುಕೊಂಡಿರುತ್ತದೆ. ಯಾರು ಹೊತ್ತಿದ್ದಾರೆ ಎಂದು ಹುಡುಕುತ್ತಾ ಹೋದರೆ ಬರೆದಿಟ್ಟ ಅಡುಗೆಯ ಚರಿತ್ರೆಯೇ ಸಿಗುತ್ತದೆ.

ಮೊದಲು ಡಿಪ್ಪಿನ ಕತೆ ಹೇಳಿಬಿಡುತ್ತೇನೆ.

1952ರಲ್ಲಿ ಲಿಪ್ಟನ್ ಕಂಪನಿ ಒಣ ಈರುಳ್ಳಿ ಸೂಪಿನ ಪೊಟ್ಟಣವನ್ನು ಮಾರುಕಟ್ಟೆಗೆ ತಂದಿತು. ನಮಗೆ ಲಿಪ್ಟನ್ ಅಂದರೆ ಟೀ ಪುಡಿ, ಅಮೆರಿಕದಲ್ಲಿ ಸೂಪೂ ಹೌದು. ಪುಡಿಯನ್ನು ನೀರಿಗೆ ಹಾಕಿ ಕುದಿಸಿ ಕುಡಿಯಬೇಕು ಅನ್ನುವುದು ಕಂಪನಿಯ ಲೆಕ್ಕ. 1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಯಾರೋ ಒಬ್ಬರು ನೀರನ್ನು ಬಿಟ್ಟು ಆ ಪುಡಿಯನ್ನು ಸೋರ್ ಕ್ರೀಮಿಗೆ ಕಲಸಿದರು. ಅವರ ಹೆಸರು ಎಲ್ಲೂ ದಾಖಲಾಗಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿತು, ಊರಿನ ಪತ್ರಿಕೆಯೊಂದು ಅಚ್ಚು ಹಾಕಿತು, ಅಂಗಡಿಗಳಲ್ಲಿ ಸೂಪಿನ ಪೊಟ್ಟಣ ಓಡತೊಡಗಿತು. ಕಂಪನಿಗೆ ಸಂಗತಿ ಗೊತ್ತಾಗಿ 1955ರಲ್ಲಿ ಆರ್ಥರ್ ಗಾಡ್‌ಫ್ರೆ ಎಂಬ ಹೆಸರಾಂತ ನಿರೂಪಕನ ಟಿವಿ ಕಾರ್ಯಕ್ರಮದಲ್ಲಿ ಅದನ್ನು ಪ್ರಚಾರ ಮಾಡಿತು. 1958ರ ಹೊತ್ತಿಗೆ ರೆಸಿಪಿ ಡಬ್ಬದ ಮೇಲೇ ಅಚ್ಚಾಗಿ ಬರತೊಡಗಿತು.

ಇದೇ ಕಾಲದ ಇನ್ನೊಂದು ಅಡುಗೆಯನ್ನು ಪಕ್ಕದಲ್ಲಿಟ್ಟು ನೋಡಿ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆ ಕೆಲಸಕ್ಕಿದ್ದರು. ಬೀನ್ಸು, ಡಬ್ಬದ ಅಣಬೆ ಸೂಪು, ಮೇಲೆ ಗರಿಗರಿ ಈರುಳ್ಳಿ. ಈ ಅಡುಗೆಯನ್ನು ರೂಪಿಸಿದ್ದು ಅವರ ತಂಡ. ಅವರ ಹೆಸರು ಉಳಿಯಿತು. 2002ರಲ್ಲಿ ಅವರ ಮೂಲ ರೆಸಿಪಿ ಕಾರ್ಡು ಅಲ್ಲಿನ ರಾಷ್ಟ್ರೀಯ ಸಂಶೋಧಕರ ಮ್ಯೂಸಿಯಮ್ಮಿಗೂ ಹೋಯಿತು. ಕಂಪನಿಯಿಂದ ಮನೆಗೆ ಬಂದ ಅಡುಗೆಗೆ ಹೆಸರಿದೆ, ಕಾರ್ಡಿದೆ. ಮನೆಯಿಂದ ಕಂಪನಿಗೆ ಹೋದ ಡಿಪ್ಪಿಗೆ ಯಾವುದೂ ಇಲ್ಲ. ನನಗೆ ಇದು ನೋವಿನ ಸಂಗತಿ ಅನ್ನಿಸುತ್ತದೆ. ಅಡುಗೆಯ ಚರಿತ್ರೆಯಲ್ಲಿ ಬಹುಪಾಲು ಹೀಗೇ ಆಗಿದೆ. ಕಂಡುಹಿಡಿದವರು ಒಬ್ಬರು, ಬರೆದಿಟ್ಟವರು ಇನ್ನೊಬ್ಬರು, ಉಳಿಯುವುದು ಬರೆದವರ ಹೆಸರು.

ಈಗ ಆ ಬಟ್ಟಲಿನ ಒಳಗೆ ಏನಾಗುತ್ತದೆ ನೋಡೋಣ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಆ ಎರಡು ಸಾಲು ಹೇಳದ್ದೆಲ್ಲ ಇಲ್ಲೇ ಇದೆ.

ಸೋರ್ ಕ್ರೀಮ್ ಅಂದರೆ ಕೆನೆಗೆ ಹೆಪ್ಪು ಹಾಕಿ ಗಟ್ಟಿ ಮಾಡಿದ್ದು. ನಾವು ಹಾಲಿಗೆ ಹೆಪ್ಪು ಹಾಕುತ್ತೇವೆ, ಅವರು ಕೆನೆಗೆ ಹಾಕುತ್ತಾರೆ. ಅಮೆರಿಕದ ನಿಯಮದ ಪ್ರಕಾರ ಮಾಮೂಲಿ ಸೋರ್ ಕ್ರೀಮಿನಲ್ಲಿ ನೂರಕ್ಕೆ 18 ಭಾಗವಾದರೂ ಹಾಲಿನ ಕೊಬ್ಬು ಇರಲೇಬೇಕು. ಹಾಗಾಗಿ ಅದು ಹುಳಿಯಾಗಿದ್ದರೂ ನಾಲಿಗೆಗೆ ಚುಚ್ಚುವುದಿಲ್ಲ. ಈರುಳ್ಳಿಯ ಪರಿಮಳವನ್ನು ಆ ಕೊಬ್ಬು ಹಿಡಿದಿಟ್ಟುಕೊಳ್ಳುತ್ತದೆ.

ಪೊಟ್ಟಣದಲ್ಲಿ ಒಣಗಿಸಿದ ಈರುಳ್ಳಿ ಚೂರು, ಉಪ್ಪು, ಒಂದಿಷ್ಟು ಸಕ್ಕರೆ, ಗಟ್ಟಿ ಬರಲು ಪಿಷ್ಟ, ಬಣ್ಣಕ್ಕೆ ಕ್ಯಾರಮೆಲ್, ರುಚಿ ಏರಿಸುವ ಪುಡಿಗಳು ಇರುತ್ತವೆ. ಸಸ್ಯಾಹಾರಿಗಳು ಕೊಳ್ಳುವ ಮುಂಚೆ ಪೊಟ್ಟಣದ ಹಿಂಬದಿ ಓದಿ. ಗೋಮಾಂಸದ ಸಾರ ಸೇರಿಸಿದ ಬ್ರಾಂಡುಗಳೂ ಇವೆ.

ಹಸಿ ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 89 ಭಾಗ ನೀರು. ಅದನ್ನು ಹೆಚ್ಚಿ ಮೊಸರಿಗೆ ಹಾಕಿ ಎರಡು ಗಂಟೆ ಬಿಟ್ಟರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ, ಮೊಸರು ಬಜ್ಜಿ ನೀರು ನೀರಾಗುತ್ತದೆ. ಘಾಟೂ ಏರುತ್ತದೆ. ಅದಕ್ಕೇ ನಮ್ಮಲ್ಲಿ ಮೊಸರು ಬಜ್ಜಿಗೆ ಈರುಳ್ಳಿಯನ್ನು ಊಟಕ್ಕೆ ಕೂರುವ ಹೊತ್ತಿಗೆ ಹಾಕುತ್ತಾರೆ. ಒಣ ಈರುಳ್ಳಿ ಇದಕ್ಕೆ ಪೂರ್ತಿ ಉಲ್ಟಾ. ಅದು ಕೆನೆಯಲ್ಲಿರುವ ನೀರನ್ನು ತಾನೇ ಹೀರಿಕೊಂಡು ಮೆತ್ತಗಾಗುತ್ತದೆ, ಡಿಪ್ ಇನ್ನಷ್ಟು ಗಟ್ಟಿಯಾಗುತ್ತದೆ. ಕಲಸಿದ ಕೂಡಲೇ ತಿಂದರೆ ಚೂರುಗಳು ಹಲ್ಲಿಗೆ ಸಿಗುತ್ತವೆ, ಉಪ್ಪು ಒಂದೊಂದು ಕಡೆ ಜಾಸ್ತಿ ಅನ್ನಿಸುತ್ತದೆ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದರೆ ಇಡೀ ಬಟ್ಟಲು ಒಂದೇ ರುಚಿ. ರೆಸಿಪಿಯಲ್ಲಿ ‘ಫ್ರಿಜ್‌ನಲ್ಲಿಡಿ’ ಅನ್ನುವ ಒಂದೇ ಮಾತು ಇದೆಯಲ್ಲ, ಕೆಲಸವೆಲ್ಲ ನಡೆಯುವುದು ಅಲ್ಲೇ. ಬಟ್ಟಲಿನ ಬಣ್ಣ ನೋಡುತ್ತಿದ್ದರೆ ಗೊತ್ತಾಗುತ್ತದೆ. ಮೊದಲು ಬಿಳಿಯ ಮೇಲೆ ಕಂದು ಚುಕ್ಕಿ. ಆಮೇಲೆ ಪ್ರತಿ ಚುಕ್ಕಿಯ ಸುತ್ತ ಕಂದು ಹರಡಿಕೊಳ್ಳುತ್ತದೆ. ಕೊನೆಗೆ ಕೈಯಾಡಿಸಿದಾಗ ಪೂರ್ತಿ ಗೋಧಿ ಬಣ್ಣ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಈ ಒಣ ಈರುಳ್ಳಿಗೂ ನಮ್ಮ ದೇಶಕ್ಕೂ ನಂಟಿದೆ. ಗುಜರಾತಿನ ಭಾವನಗರ ಜಿಲ್ಲೆಯ ಮಹುವಾ ಎಂಬ ಊರಿನ ಸುತ್ತ ಈರುಳ್ಳಿ ಒಣಗಿಸುವ ಕಾರ್ಖಾನೆಗಳು ಸಾಲು ಸಾಲಾಗಿವೆ. ಅಲ್ಲಿ ಹೆಚ್ಚಾಗಿ ಒಣಗಿಸುವುದು ಬಿಳಿ ಈರುಳ್ಳಿಯನ್ನು. ಚೂರು, ಪುಡಿ ಎಲ್ಲ ಹೊರದೇಶಗಳಿಗೆ ಹೋಗುತ್ತದೆ. ಎಲ್ಲೋ ದೂರದ ಊರಿನ ಪಾರ್ಟಿಯ ಡಿಪ್ಪಿನಲ್ಲಿರುವ ಈರುಳ್ಳಿ ಸೌರಾಷ್ಟ್ರದ ಹೊಲದ್ದೂ ಆಗಿರಬಹುದು.

ಸರಿ, ಹಿಂದಕ್ಕೆ ಹೋಗೋಣ. ಬಹಳ ಹಿಂದಕ್ಕೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ಯಾಬಿಲೋನಿಯಾ ಸಂಗ್ರಹದಲ್ಲಿ ಕೆಲವು ಮಣ್ಣಿನ ಹಲಗೆಗಳಿವೆ. ಕ್ರಿಸ್ತಪೂರ್ವ 1700ರ ಆಸುಪಾಸಿನವು, ಅಂದರೆ ಇವತ್ತಿಗೆ ಮೂರೂಮುಕ್ಕಾಲು ಸಾವಿರ ವರ್ಷ. ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ಒತ್ತಿ ಬರೆದ ಮೊಳೆಯಾಕಾರದ ಲಿಪಿ. ಬಹಳ ಕಾಲ ಇವನ್ನು ಔಷಧದ ಬರಹ ಎಂದೇ ತಿಳಿದಿದ್ದರು. ಮೇರಿ ಹಸ್ಸಿ ಎಂಬ ವಿದ್ವಾಂಸೆ 1940ರ ದಶಕದಲ್ಲಿ ‘ಇದು ಅಡುಗೆ’ ಅಂದಾಗ ಯಾರೂ ಕಿವಿಗೊಡಲಿಲ್ಲ. ಆಮೇಲೆ 1980ರ ದಶಕದಲ್ಲಿ ಫ್ರಾನ್ಸಿನ ಜಾನ್ ಬೊಟೆರೊ ಅವನ್ನು ಓದಿ ತೋರಿಸಿದರು. ಒಂದು ಹಲಗೆಯಲ್ಲಿ 25 ಬಗೆಯ ಸಾರುಗಳಿವೆ. ಹೆಚ್ಚಿನವು ಮಾಂಸದ್ದು, ಕೆಲವು ತರಕಾರಿಯದ್ದು.

ಅವುಗಳ ಧಾಟಿ ಹೀಗಿದೆ: ಮಾಂಸ ಬೇಕು. ನೀರಿಡು. ಕೊಬ್ಬು ಹಾಕು. ಈರುಳ್ಳಿ ಹಾಕು. ಕೊನೆಗೆ ಬೆಳ್ಳುಳ್ಳಿ, ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು ಜಜ್ಜಿ ಹಾಕು. ಒಂದೊಂದು ಅಡುಗೆ ಎರಡು, ಮೂರು, ನಾಲ್ಕು ಸಾಲು. ಎಷ್ಟು ನೀರು, ಎಷ್ಟು ಹೊತ್ತು, ಎಂಥ ಉರಿ, ಯಾವುದೂ ಇಲ್ಲ.

ನಮ್ಮ ಡಿಪ್ಪಿನಷ್ಟೇ ಚಿಕ್ಕ ರೆಸಿಪಿಗಳು, ನೋಡಿ. ಆದರೆ ಕಾರಣ ಬೇರೆ. ಆ ಕಾಲದಲ್ಲಿ ಓದು ಬರಹ ಬಲ್ಲವರು ಬೆರಳೆಣಿಕೆಯ ಜನ. ಒಲೆಯ ಮುಂದೆ ನಿಂತವನು ಹಲಗೆ ಓದಿ ಅಡುಗೆ ಕಲಿತಿರುವುದು ಕಷ್ಟ. ಅವನಿಗೆ ಅಡುಗೆ ಮೊದಲೇ ಗೊತ್ತಿತ್ತು. ಬರಹ ಬರೀ ನೆನಪಿಗೆ. ಉಳಿದದ್ದೆಲ್ಲ ಅವನ ಕೈಯಲ್ಲಿತ್ತು. ಆ ಕೈ ಹೋಯಿತು, ಸಾಲುಗಳು ಉಳಿದವು. ಅದಕ್ಕೇ ಇವತ್ತು ವಿದ್ವಾಂಸರೂ ಬಾಣಸಿಗರೂ ಸೇರಿ ಆ ಸಾರುಗಳನ್ನು ಮಾಡಿ ನೋಡುವಾಗ ಪ್ರತಿ ಹೆಜ್ಜೆಯಲ್ಲೂ ಊಹೆ ಮಾಡಬೇಕಾಗಿದೆ.

ಈಗ ರೋಮಿಗೆ ಬನ್ನಿ. ಡಿಪ್ಪಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಬರಹ ಅಲ್ಲಿದೆ. ‘ಮೊರೆಟಮ್’ ಎಂದು ಅದರ ಹೆಸರು. ನೂರಿಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಸಾಲಿನ ಲ್ಯಾಟಿನ್ ಕವಿತೆ. ಹಿಂದೆ ಇದನ್ನು ವರ್ಜಿಲ್ ಕವಿಯದ್ದು ಅನ್ನುತ್ತಿದ್ದರು, ಈಗ ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಇಡೀ ಕವಿತೆಯಲ್ಲಿ ಆಗುವುದಿಷ್ಟೇ: ಸಿಮುಲಸ್ ಎಂಬ ಬಡ ರೈತ ಚಳಿಗಾಲದಲ್ಲಿ ಬೆಳಕು ಹರಿಯುವ ಮುಂಚೆ ಏಳುತ್ತಾನೆ, ಕೆಂಡ ಊದಿ ಬೆಂಕಿ ಎಬ್ಬಿಸುತ್ತಾನೆ, ಕಾಳು ಬೀಸುತ್ತಾನೆ, ರೊಟ್ಟಿ ಸುಡಲು ಇಡುತ್ತಾನೆ. ಬರೀ ರೊಟ್ಟಿ ಹೇಗೆ ತಿನ್ನುವುದು? ನಂಚಿಕೊಳ್ಳಲು ಏನಾದರೂ ಬೇಕಲ್ಲ.

ಹಿತ್ತಲಿಗೆ ಹೋಗಿ ನಾಲ್ಕು ಬೆಳ್ಳುಳ್ಳಿ ಗಡ್ಡೆ ಕಿತ್ತು ತರುತ್ತಾನೆ. ಜೊತೆಗೆ ಅಜಮೋದದ ಜಾತಿಯ ಒಂದು ಸೊಪ್ಪು, ನಾಗದಾಳಿ, ಕೊತ್ತಂಬರಿ. ಬೆಳ್ಳುಳ್ಳಿ ಸಿಪ್ಪೆ ಸುಲಿದು, ತೊಳೆದು, ಕಲ್ಲಿನ ಒರಳಿಗೆ ಹಾಕುತ್ತಾನೆ. ಉಪ್ಪು, ಉಪ್ಪಿನಲ್ಲಿ ಗಟ್ಟಿಯಾದ ಚೀಸು, ಸೊಪ್ಪು. ಎಡಗೈಯಲ್ಲಿ ಬಟ್ಟೆ ಸಾವರಿಸಿಕೊಂಡು ಬಲಗೈಯಲ್ಲಿ ಕುಟ್ಟುತ್ತಾನೆ. ಬೆಳ್ಳುಳ್ಳಿಯ ಘಾಟು ಮೂಗಿಗೆ ಹೊಡೆಯುತ್ತದೆ. ಕಣ್ಣಲ್ಲಿ ನೀರು. ಮುಂಗೈಯಿಂದ ಒರೆಸಿಕೊಂಡು, ಪಾಪ, ಹೊಗೆಯನ್ನು ಬೈಯುತ್ತಾನೆ. ಕುಟ್ಟುತ್ತಾ ಕುಟ್ಟುತ್ತಾ ಸೊಪ್ಪಿನ ಹಸಿರು, ಚೀಸಿನ ಬಿಳಿ ಎಲ್ಲ ಸೇರಿ ಒಂದೇ ಬಣ್ಣವಾಗುತ್ತದೆ. ಆಮೇಲೆ ಕೆಲವೇ ಹನಿ ಆಲಿವ್ ಎಣ್ಣೆ, ಚೂರೇ ಚೂರು ವಿನೆಗರ್. ಮತ್ತೆ ಕಲಸಿ, ಕೊನೆಗೆ ಎರಡು ಬೆರಳಿನಿಂದ ಒರಳಿನ ಒಳಗೆಲ್ಲ ಬಳಿದು ಉಂಡೆ ಮಾಡುತ್ತಾನೆ.

ಕರ್ನಾಟಕದಲ್ಲಿ ಒರಳಿನಲ್ಲಿ ಚಟ್ನಿ ರುಬ್ಬಿದವರು ಯಾರೇ ಆಗಲಿ, ಆ ಎರಡು ಬೆರಳು ಬಳಿಯುವುದನ್ನು ಓದಿದರೆ ಸಾಕು, ಕವಿ ಅಡುಗೆಮನೆಯಲ್ಲಿ ನಿಂತು ನೋಡಿದ್ದಾನೆ ಅಂತ ಹೇಳಿಬಿಡುತ್ತಾರೆ. ಇದು ಕವಿತೆಯೂ ಹೌದು, ಪೂರ್ತಿ ರೆಸಿಪಿಯೂ ಹೌದು. ಬ್ಯಾಬಿಲೋನಿಯಾದ ಹಲಗೆಯಲ್ಲಿ ಇಲ್ಲದ್ದೆಲ್ಲ ಇಲ್ಲಿದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವ ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು, ಎಣ್ಣೆ ಎಷ್ಟು ಕಮ್ಮಿ ಹಾಕಬೇಕು. ನೀವು ಇವತ್ತು ಮನೆಗೆ ಹೋಗಿ ಮಾಡಬಹುದು. ಆದರೆ ನಾಲ್ಕು ಗಡ್ಡೆ ಬೆಳ್ಳುಳ್ಳಿ ಹಾಕಬೇಡಿ. ಅಷ್ಟು ಹೊತ್ತು ಹೊಲದಲ್ಲಿ ದುಡಿಯುವವರಿಗೂ ಅದು ಜಾಸ್ತಿಯೇ. ನಾಲ್ಕು ಎಸಳು ಸಾಕು. ನಾಗದಾಳಿ ಬಲು ಕಹಿ, ಅದನ್ನೂ ಬಿಡಿ.

ಇಂಥ ನಂಚಿಕೊಳ್ಳುವ ಪದಾರ್ಥಗಳು ಮುಂದೆಯೂ ಬರಹದಲ್ಲಿ ಸಿಗುತ್ತಲೇ ಹೋಗುತ್ತವೆ. ಮಧ್ಯಯುಗದ ಅರಬ್ಬಿ ಅಡುಗೆ ಪುಸ್ತಕಗಳಲ್ಲಿ ಬೇಯಿಸಿ ಅರೆದ ಕಾಬೂಲಿ ಕಡಲೆಗೆ ವಿನೆಗರ್, ಎಣ್ಣೆ, ಸೊಪ್ಪು ಸೇರಿಸುವ ಬಗೆ ಇದೆ, ಇವತ್ತಿನ ಹಮ್ಮಸ್‌ನ ಹಿರಿಯರು ಅನ್ನಬಹುದು. ಅವುಗಳ ಬಗ್ಗೆ ಬೇರೆಯೇ ಮಾತಾಡಬೇಕು. ನಾನು ಕನ್ನಡಕ್ಕೆ ಬರುತ್ತೇನೆ, ಯಾಕೆಂದರೆ ಬರೆದಿಟ್ಟ ಅಡುಗೆಯ ವಿಷಯದಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆಯಲ್ಲ. ಈ ಸಂಗತಿ ನಮ್ಮವರಿಗೇ ಸರಿಯಾಗಿ ಗೊತ್ತಿಲ್ಲ.

ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ತಿನಿಸಿನ ಹೆಸರು ಬರುತ್ತದೆ. ಹೆಸರು ಅಷ್ಟೇ. ನೂರು ವರ್ಷ ಆದಮೇಲೆ, 1025ರಲ್ಲಿ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಎಂಬ ಗ್ರಂಥ ಬರೆದ. ಕಲ್ಯಾಣ ಚಾಲುಕ್ಯರ ಕಾಲ. ಜನಕ್ಕೆ ದಿನನಿತ್ಯ ಬೇಕಾದ್ದೆಲ್ಲ ಅದರಲ್ಲಿದೆ. ನೆಲದಡಿಯ ನೀರು ಹುಡುಕುವುದು, ಗಿಡ ಬೆಳೆಸುವುದು, ಪರಿಮಳದ್ರವ್ಯ, ದನಕರುಗಳ ಔಷಧ, ಹಾಗೇ ಅಡುಗೆ. ಅಲ್ಲಿ ಇಡ್ಲಿಯ ಹಿರಿಯನ ವಿಧಾನ ಸಿಗುತ್ತದೆ. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸು, ನುಣ್ಣಗೆ ರುಬ್ಬು, ಮೊಸರಿನ ತಿಳಿನೀರಿನಲ್ಲಿ ಕಲಸು, ಕೊತ್ತಂಬರಿ, ಜೀರಿಗೆ, ಮೆಣಸು, ಇಂಗು ಸೇರಿಸು. ಅಕ್ಕಿಯ ಮಾತೇ ಇಲ್ಲ! ನಾವು ಇಡ್ಲಿ ಎಂದು ತಿನ್ನುವುದು ಆಮೇಲೆ ಎಷ್ಟೋ ಬದಲಾಗಿ ಬಂದದ್ದು ಅನ್ನುವುದು ಈ ನಾಲ್ಕು ಮಾತಿನಿಂದ ತಿಳಿಯಿತು. ಬರೀ ಹೆಸರು ಉಳಿದಿದ್ದರೆ ಸಾವಿರ ವರ್ಷದಿಂದ ಇದೇ ಇಡ್ಲಿ ತಿನ್ನುತ್ತಿದ್ದೇವೆ ಅಂದುಕೊಂಡಿರುತ್ತಿದ್ದೆವು. ಹೆಸರು ಬರೆಯುವುದಕ್ಕೂ ವಿಧಾನ ಬರೆಯುವುದಕ್ಕೂ ಇಷ್ಟು ವ್ಯತ್ಯಾಸ.

ಹದಿನಾರನೇ ಶತಮಾನದ ಶುರುವಿನಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ. ಈತ ಕಲ್ಲಹಳ್ಳಿಯ ಪ್ರಭು, ಜೈನ ಕವಿ. ಇಡೀ ಪುಸ್ತಕ ಅಡುಗೆಗೇ ಮೀಸಲು, ಎಲ್ಲವೂ ಸಸ್ಯಾಹಾರ, ಬರೆದದ್ದು ವಾರ್ಧಕ ಷಟ್ಪದಿಯಲ್ಲಿ. ಹಿಟ್ಟಿನ ತಿನಿಸು, ಪಾನಕ, ಅನ್ನದ ಬಗೆಗಳು, ಬದನೆಕಾಯಿ, ಬಾಳೆಕಾಯಿ, ಹಲಸು, ಹೀಗೆ ಸಾಗುತ್ತದೆ. ಅಡುಗೆಯನ್ನು ಪದ್ಯದಲ್ಲಿ ಯಾಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಓಲೆಗರಿಯ ಪ್ರತಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಪದ್ಯವಾದರೆ ಬಾಯಿಗೆ ಬರುತ್ತದೆ. ಒಂದು ಸಾಮಾನು ಮರೆತರೆ ಷಟ್ಪದಿಯ ಮಾತ್ರೆ ತಪ್ಪುತ್ತದೆ, ಹೇಳುವವರಿಗೇ ಗೊತ್ತಾಗಿಬಿಡುತ್ತದೆ. ಬರೆಯದೆ ಬಿಟ್ಟದ್ದನ್ನು ಅಡುಗೆಯವನ ಕೈ ಹೊತ್ತಿದ್ದರೆ, ಬರೆದದ್ದನ್ನು ಲಯ ಹೊತ್ತಿತ್ತು. ರೋಮಿನ ಕವಿಗೂ ನಮ್ಮ ಮಂಗರಸನಿಗೂ ಪರಿಚಯವಿಲ್ಲ, ಆದರೆ ಇಬ್ಬರೂ ಅಡುಗೆಯನ್ನು ಪದ್ಯಕ್ಕೆ ತಕ್ಕ ವಸ್ತು ಎಂದು ನಂಬಿದ್ದರು. ಅವರ ಆ ನಂಬಿಕೆಗೆ ನನ್ನ ನಮಸ್ಕಾರ.

ಅಚ್ಚು ಬಂದ ಮೇಲೆ ಓದುವವರು ಬದಲಾದರು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಟಲಿಯಲ್ಲಿ 1470ರ ದಶಕದಲ್ಲೇ ಪ್ಲಾಟಿನಾ ಎಂಬ ವಿದ್ವಾಂಸನ ಅಡುಗೆಯ ಪುಸ್ತಕ ಲ್ಯಾಟಿನ್ನಿನಲ್ಲಿ ಅಚ್ಚಾಯಿತು. ಅದರೊಳಗಿನ ಬಹುಪಾಲು ಅಡುಗೆ ಮಾರ್ಟಿನೊ ಎಂಬ ಬಾಣಸಿಗನದ್ದು. ಇಂಗ್ಲೆಂಡಿನಲ್ಲಿ 1747ರಲ್ಲಿ ಹ್ಯಾನಾ ಗ್ಲಾಸ್ ಸಾಮಾನ್ಯ ಮನೆಗಳ ಕೆಲಸದವರಿಗೆ ಅರ್ಥವಾಗುವ ಮಾತಿನಲ್ಲಿ ಬರೆದರು. 1796ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಮೀಲಿಯಾ ಸಿಮನ್ಸ್ ಅವರ ಪುಸ್ತಕ ಬಂತು. ಅಮೆರಿಕದವರೇ ಬರೆದು ಅಲ್ಲೇ ಅಚ್ಚಾದ ಮೊದಲ ಅಡುಗೆ ಪುಸ್ತಕ ಎಂದು ಅದನ್ನು ಎಣಿಸುತ್ತಾರೆ.

ಆದರೂ ಅಳತೆಯ ವಿಷಯ ಹಾಗೇ ಉಳಿದಿತ್ತು. ‘ಮೊಟ್ಟೆ ಗಾತ್ರದ ಬೆಣ್ಣೆ’ ಅಂತ ಅವರು ಬರೆಯುತ್ತಿದ್ದರು. ‘ನಿಂಬೆ ಗಾತ್ರದ ಹುಣಸೆಹಣ್ಣು’ ಅಂತ ನಾವು ಈಗಲೂ ಬರೆಯುತ್ತೇವೆ. 1845ರಲ್ಲಿ ಇಂಗ್ಲೆಂಡಿನ ಎಲೈಜಾ ಆಕ್ಟನ್ ಒಂದು ಹೊಸ ಕೆಲಸ ಮಾಡಿದರು. ವಿಧಾನ ಹೇಳಿದ ಮೇಲೆ ಕೊನೆಯಲ್ಲಿ ಸಾಮಾನುಗಳನ್ನೂ ಅಳತೆಯನ್ನೂ ಬೇಯುವ ಹೊತ್ತನ್ನೂ ಬೇರೆಯಾಗಿ ಬರೆದರು. 1861ರಲ್ಲಿ ಇಸಬೆಲ್ಲಾ ಬೀಟನ್ ಆ ಪಟ್ಟಿಯನ್ನು ಮೇಲಕ್ಕೆ ತಂದರು. ಆಕ್ಟನ್ ಅವರ ರೆಸಿಪಿಗಳನ್ನೂ ಹೇಳದೆ ಕೇಳದೆ ತೆಗೆದುಕೊಂಡರು, ಅದು ಬೇರೆ ಮಾತು. ಬೀಟನ್ ಹೆಸರು ಮನೆಮಾತಾಯಿತು, ಆಕ್ಟನ್ ಅವರನ್ನು ಜನ ಬಹಳ ಕಾಲ ಮರೆತರು. ನನ್ನ ಮಟ್ಟಿಗೆ ಇವತ್ತಿನ ರೆಸಿಪಿಯ ರೂಪ ಆಕ್ಟನ್ ಅವರದ್ದೇ.

ಆಮೇಲೆ ಫ್ಯಾನಿ ಫಾರ್ಮರ್. 1896, ಬಾಸ್ಟನ್. ಅಲ್ಲಿನ ಅಡುಗೆ ಶಾಲೆಯ ಮುಖ್ಯಸ್ಥೆ. ಪ್ರಕಾಶಕರಿಗೆ ಧೈರ್ಯವಿಲ್ಲದೆ ಮೊದಲ 3,000 ಪ್ರತಿಗಳ ಖರ್ಚನ್ನು ಅವರೇ ಹಾಕಿಕೊಳ್ಳಬೇಕಾಯಿತು. ಆ ಪುಸ್ತಕ ಹೇಳಿದ ದೊಡ್ಡ ಸಂಗತಿ ಏನು ಗೊತ್ತಾ? ಕಪ್ ಅಂದರೆ ಸಮತಟ್ಟಾದ ಕಪ್. ಚಮಚ ಅಂದರೆ ಸಮತಟ್ಟಾದ ಚಮಚ. ಹಿಟ್ಟು ತುಂಬಿ, ಚಾಕುವಿನಿಂದ ಮೇಲೆ ಸವರಿ, ಹೆಚ್ಚಾದ್ದನ್ನು ಬೀಳಿಸಿ. ಕೇಳಲು ಸಣ್ಣ ಮಾತು. ಆದರೆ ಆಗ ಅಮೆರಿಕದ ಹುಡುಗಿಯರು ಓದಿಗೆ, ಕೆಲಸಕ್ಕೆ ಊರು ಬಿಟ್ಟು ಹೋಗುತ್ತಿದ್ದರು. ಪಕ್ಕದಲ್ಲಿ ಅಮ್ಮ ಇಲ್ಲ, ಅಜ್ಜಿ ಇಲ್ಲ. ಕೈಯಲ್ಲಿದ್ದ ತಿಳಿವಳಿಕೆ ಇಲ್ಲದವರಿಗೆ ಕಪ್, ಚಮಚಗಳೇ ಆಸರೆಯಾದವು. ರೆಸಿಪಿಗಳು ಉದ್ದವಾದದ್ದು ಆಗಲೇ.

ಈ ಅಳತೆಯ ಕತೆ ನಮಗೂ ಹೊಸತಲ್ಲ. ಸೇರು, ಪಾವು, ಚಟಾಕಿನ ಕಾಲದಲ್ಲಿ ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ. ಊರು ಬದಲಾದರೆ ಸೇರೂ ಬದಲಾಗುತ್ತಿತ್ತು. 1956ರಲ್ಲಿ ಕಾನೂನು ಬಂತು, 1958ರಿಂದ ಹಂತ ಹಂತವಾಗಿ ಕಿಲೋ, ಲೀಟರು ಜಾರಿಯಾದವು. ಅಂದರೆ ಆ ಡಿಪ್ಪಿನ ರೆಸಿಪಿ ಡಬ್ಬದ ಮೇಲೆ ಬಂದ ವರ್ಷವೇ ನಮ್ಮ ಅಂಗಡಿಗಳಿಗೆ ಹೊಸ ತೂಕದ ಬಟ್ಟು ಬಂದದ್ದು. ಮನೆಗಳಲ್ಲಿ ಮಾತ್ರ ಪಾವು ಇನ್ನೂ ಹೋಗಿಲ್ಲ. ಅಕ್ಕಿ ಡಬ್ಬದೊಳಗೆ ಕೈ ಹಾಕಿದರೆ ಈಗಲೂ ಸಿಗುವುದು ಅದೇ ಹಿತ್ತಾಳೆ ಪಾವು.

ಈಗ ಪೊಟ್ಟಣಕ್ಕೆ ವಾಪಸ್ ಬರೋಣ. ಫ್ಯಾನಿ ಫಾರ್ಮರ್ ಓದುವವರ ಕೈಗೆ ಕೊಟ್ಟ ಅಳತೆಯನ್ನು ಅರುವತ್ತು ವರ್ಷದ ನಂತರ ಕಾರ್ಖಾನೆ ವಾಪಸ್ ತೆಗೆದುಕೊಂಡಿತು. ಉಪ್ಪು ಎಷ್ಟು, ಈರುಳ್ಳಿ ಎಷ್ಟು, ಅದನ್ನು ಎಷ್ಟು ಕಂದು ಮಾಡಬೇಕು ಅನ್ನುವುದೆಲ್ಲ ಪೊಟ್ಟಣದ ಒಳಗೇ ತೀರ್ಮಾನವಾಗಿದೆ. ಸೋರ್ ಕ್ರೀಮಿನ ಕೊಬ್ಬನ್ನು ಸರ್ಕಾರದ ನಿಯಮ ಕಾಯುತ್ತದೆ. ತಣ್ಣಗಿಡುವುದನ್ನು ಫ್ರಿಜ್ ನೋಡಿಕೊಳ್ಳುತ್ತದೆ. ಅದಕ್ಕೇ ರೆಸಿಪಿ ಮತ್ತೆ ಎರಡು ಸಾಲಿಗೆ ಇಳಿಯಿತು. ಬ್ಯಾಬಿಲೋನಿಯಾದಲ್ಲಿ ಕೈ ಹೊತ್ತಿದ್ದನ್ನು ಇಲ್ಲಿ ಯಂತ್ರ ಹೊತ್ತಿದೆ.

ಇದನ್ನು ಕೇಳಿ ‘ಹಾಗಾದರೆ ಅದು ಅಡುಗೆಯೇ ಅಲ್ಲ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೊಟ್ಟಣವನ್ನು ಕಂಪನಿ ಹೇಳಿದ ಹಾಗೆ ಬಳಸದೆ ಕೆನೆಗೆ ಕಲಸಿದ ಆ ಹೆಸರಿಲ್ಲದ ವ್ಯಕ್ತಿ ಮಾಡಿದ್ದು ಅಪ್ಪಟ ಅಡುಗೆ. ಒಣ ಈರುಳ್ಳಿ ನೀರು ಹೀರುತ್ತದೆ, ಕೆನೆ ಬಿಟ್ಟುಕೊಡುತ್ತದೆ ಎಂದು ಅವರ ಕೈಗೆ ಹೊಳೆದಿತ್ತು. ರೆಸಿಪಿಗೆ ಯಜಮಾನರೂ ಯಾರಿಲ್ಲ. ಬರೀ ಸಾಮಾನುಗಳ ಪಟ್ಟಿಗೆ ಅಮೆರಿಕದ ಕಾನೂನು ಹಕ್ಕುಸ್ವಾಮ್ಯ ಕೊಡುವುದಿಲ್ಲ. ಹಾಗಾಗಿ ಆ ಡಿಪ್ ಎಲ್ಲರದ್ದೂ ಆಯಿತು.

ನಮ್ಮೂರಿನಲ್ಲೂ ಇಂಥ ಕತೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಎಂದು ಎಂಟಿಆರ್‌ನವರು ಹೇಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ಬೆಲೆ ಸರ್ಕಾರದ ಹತೋಟಿಗೆ ಬಂದು ನಷ್ಟವಾದಾಗ ಅವರು ಪುಡಿ, ಮಿಶ್ರಣಗಳ ಪೊಟ್ಟಣಕ್ಕೆ ಇಳಿದರು. ರವೆ ಇಡ್ಲಿ ಪೊಟ್ಟಣದ ಹಿಂದೆ ಓದಿ: ಮೊಸರಿನಲ್ಲಿ ಕಲಸಿ, ಹಬೆಯಲ್ಲಿ ಬೇಯಿಸಿ. ಎರಡೇ ಮಾತು. ರವೆ ಎಷ್ಟು ಹುರಿಯಬೇಕು, ಸೋಡಾ ಎಷ್ಟು, ಒಗ್ಗರಣೆಗೆ ಏನೇನು, ಎಲ್ಲ ಒಳಗೇ ಕೂತಿದೆ. ಸಾವಿರ ವರ್ಷದ ಹಿಂದೆ ಚಾವುಂಡರಾಯ ಮೊಸರಿನ ತಿಳಿಯಲ್ಲಿ ಕಲಸು ಎಂದದ್ದು, ಈಗ ಪೊಟ್ಟಣ ಮೊಸರಿನಲ್ಲಿ ಕಲಸಿ ಅನ್ನುವುದು, ಎರಡನ್ನೂ ಪಕ್ಕದಲ್ಲಿಟ್ಟು ಓದಲು ನನಗೆ ಬಹಳ ಖುಷಿ.

ಕೊನೆಗೆ ಒಂದು ಕೆಲಸದ ಮಾತು. ‘ನಮ್ಮ ಅಮ್ಮನ ಅಡುಗೆ ಬರೆದಿಡಬೇಕು, ಹೇಗೆ?’ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅಮ್ಮನನ್ನು ಕೂರಿಸಿಕೊಂಡು ಕೇಳಿದರೆ ‘ಒಂದು ಹಿಡಿ, ಒಂದು ಚಿಟಿಕೆ, ಕಣ್ಣಂದಾಜು’ ಅನ್ನುತ್ತಾರೆ. ಅವರು ಮುಚ್ಚಿಡುತ್ತಿಲ್ಲ, ತಿಳಿವಳಿಕೆ ಕೈಯಲ್ಲಿದೆ, ಬಾಯಿಗೆ ಬರುವುದಿಲ್ಲ ಅಷ್ಟೇ. ಆದ್ದರಿಂದ ಮಾಡುವಾಗಲೇ ಪಕ್ಕದಲ್ಲಿ ನಿಲ್ಲಿ. ಅವರು ಹಿಡಿಯಲ್ಲಿ ತೆಗೆದ ಬೇಳೆ ಪಾತ್ರೆಗೆ ಬೀಳುವ ಮುಂಚೆ ತಕ್ಕಡಿಗೆ ಹಾಕಿಸಿ. ಉಪ್ಪಿನ ಡಬ್ಬವನ್ನು ಅಡುಗೆಯ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿ, ಎರಡರ ವ್ಯತ್ಯಾಸವೇ ಅವರ ‘ರುಚಿಗೆ ತಕ್ಕಷ್ಟು’. ಅಳತೆ ಬರೆದರೆ ಸಾಲದು, ಅವರು ಏನು ನೋಡಿ ಉರಿ ಇಳಿಸುತ್ತಾರೆ ಅನ್ನುವುದನ್ನೂ ಬರೆಯಿರಿ. ಎಣ್ಣೆ ಬಿಟ್ಟದ್ದು ನೋಡಿಯೋ, ಹಸಿ ವಾಸನೆ ಹೋದದ್ದು ಗೊತ್ತಾಗಿಯೋ, ಗುಳ್ಳೆ ಸಣ್ಣದಾದದ್ದು ಕಂಡೋ. ಎಲ್ಲದಕ್ಕಿಂತ ಮೊದಲು ಅವರ ಪೂರ್ತಿ ಹೆಸರು, ಊರು, ತಾರೀಕು ಹಾಳೆಯ ಮೇಲ್ಗಡೆ ಬರೆಯಿರಿ.

ಡಿಪ್ಪನ್ನು ಮನೆಯಲ್ಲಿ ಮಾಡಿ ನೋಡುವವರಿಗೂ ಹೇಳಿಬಿಡುತ್ತೇನೆ. ಸೋರ್ ಕ್ರೀಮ್ ಸಿಗದಿದ್ದರೆ ಅರ್ಧ ಕಿಲೋ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ಫ್ರಿಜ್‌ನಲ್ಲೇ ನೀರು ಇಳಿಯಲು ಬಿಡಿ. ಇದರಲ್ಲಿ ಕೊಬ್ಬು ಕಮ್ಮಿ, ಹುಳಿ ಎದ್ದು ಕಾಣುತ್ತದೆ, ಹಾಗಾಗಿ ಎರಡು ಚಮಚ ತಾಜಾ ಕೆನೆ ಸೇರಿಸಿ. ಪೊಟ್ಟಣ ಬೇಡ ಅನ್ನುವವರು ಎರಡು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಡು ಕಂದು ಬರುವವರೆಗೆ ಹುರಿಯಿರಿ. ಮುಕ್ಕಾಲು ಗಂಟೆಯಾದರೂ ಬೇಕು, ಅವಸರ ಮಾಡಿದರೆ ಅಂಚು ಸೀದು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಮೊಸರಿಗೆ ಹಾಕಿ. ಉಪ್ಪು, ಮೆಣಸಿನ ಪುಡಿ, ಒಂದು ಎಸಳು ಜಜ್ಜಿದ ಬೆಳ್ಳುಳ್ಳಿ. ಉಪ್ಪಿನ ರುಚಿಯನ್ನು ಕಲಸಿದ ಕೂಡಲೇ ನೋಡಬೇಡಿ, ತಣ್ಣಗಾದ ಮೇಲೆ ನೋಡಿ ಬೇಕಿದ್ದರೆ ಹಾಕಿ.